ಮಳೆ ಬಂದರೆ ಮಾತ್ರ ಮದುವೆ

ಹೋದ ತಿಂಗಳು ಒಂದು ರಾತ್ರಿ, ಹನ್ನೊಂದು ದಾಟಿರಬೇಕು, ನಾನು ಲೇಯಾ ಅನ್ನುವ ಹುಡುಗಿಗೆ ಇಪ್ಪತ್ತನೇ ಸಲವೋ ಇಪ್ಪತ್ತೊಂದನೇ ಸಲವೋ ಸಲಾಡ್ ಕೊಡುತ್ತಾ ಕೂತಿದ್ದೆ. ನೀರು ಕುಡಿಯಲು ಎದ್ದು ಬಂದ ಹೆಂಡತಿ ಚೊಂಬು ಹಿಡಿದುಕೊಂಡೇ ಲ್ಯಾಪ್‌ಟಾಪಿನೊಳಗೆ ಇಣುಕಿದಳು.

"ಯಾರ್ರೀ ಇವಳು?"

"ಆಟದೊಳಗಿನ ಹುಡುಗಿ. ಮದುವೆ ಆಗಬೇಕು ಅಂತ."

"ಅದಕ್ಕೆ ಸೊಪ್ಪು ತಿನ್ನಿಸ್ತಾ ಇದೀರಾ? ಹಸುನಾ ಅದು?"

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ನಾನು ಲೆಕ್ಕ ಒಪ್ಪಿಸಲು ಕೂತೆ. ಇದು ಸ್ಟಾರ್‌ಡ್ಯೂ ವ್ಯಾಲಿ, 2016ರ ಆಟ, ಒಬ್ಬನೇ ಮನುಷ್ಯ ವರ್ಷಗಟ್ಟಲೆ ಕೂತು ಮಾಡಿದ್ದು. ಹಳ್ಳಿಗೆ ಬಂದು ಹೊಲ ಮಾಡಬೇಕು, ಮನಸ್ಸಾದರೆ ಊರಿನವರಲ್ಲಿ ಯಾರನ್ನಾದರೂ ಮದುವೆಯಾಗಬಹುದು. ಯಾರಿಗೆ ನಿಮ್ಮ ಮೇಲೆ ಎಷ್ಟು ಒಲವು ಅನ್ನೋದನ್ನು ಆಟ ಹೃದಯಗಳಲ್ಲಿ ಎಣಿಸುತ್ತದೆ. ಒಂದು ಹೃದಯ ತುಂಬಲು 250 ಅಂಕ ಬೇಕು. ತುಂಬಾ ಇಷ್ಟದ ಉಡುಗೊರೆಗೆ 80, ಮಾತಾಡಿಸಿದರೆ 20, ಹುಟ್ಟುಹಬ್ಬದ ದಿನ ಕೊಟ್ಟರೆ ಉಡುಗೊರೆಗೆ ಎಂಟು ಪಟ್ಟು. ಹಾಗಂತ ದಿನಾ ಕೊಡುವಂತಿಲ್ಲ, ವಾರಕ್ಕೆ ಎರಡೇ. ಎಂಟು ಹೃದಯ ಆದಮೇಲೆ 200 ಚಿನ್ನ, ಅಂದರೆ ಆಟದ ದುಡ್ಡು, ಕೊಟ್ಟು ಒಂದು ಹೂಗುಚ್ಛ. ಹತ್ತಾದ ಮೇಲೆ ಸಮುದ್ರದ ದಡದಲ್ಲಿ ಒಬ್ಬ ಮುದುಕನಿಂದ 5000 ಕೊಟ್ಟು ಒಂದು ಪದಕ ಕೊಂಡು ತಂದು ಅವಳ ಕೈಗಿಟ್ಟರೆ ಮದುವೆ. ಆ ಮುದುಕ ಬರುವುದು ಮಳೆ ಬಂದ ದಿನ ಮಾತ್ರ.

"ಮಳೆ ಬಂದ್ರೆ ಮಾತ್ರನಾ?" ಅಂದಳು. ಅವಳ ತವರು ಪಾವಗಡ. "ಸದ್ಯ, ಆ ಪುಣ್ಯಾತ್ಮ ನಮ್ಮೂರಲ್ಲಿ ಅಂಗಡಿ ಇಡಲಿಲ್ಲ. ಅರ್ಧ ಊರು ಸನ್ಯಾಸಿ ಆಗ್ತಿತ್ತು."

ರೂಮಿನ ಬಾಗಿಲ ಹತ್ತಿರ ಹೋದವಳು ತಿರುಗಿ, "ನನಗೆ ಎಷ್ಟು ಹೃದಯ ಆಗಿದೆ?" ಅಂತ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ.

ಅವತ್ತಿನಿಂದ ಆ ಸಲಾಡ್ ಕೊಡೋಕೆ ಕೈಯೇ ಬರುತ್ತಿಲ್ಲ. ಒಂದು ಸಲಾಡಿಗೆ ಅಲ್ಲಿನ ಹೋಟೆಲಿನಲ್ಲಿ 220 ಚಿನ್ನ. ಬರೀ ಸಲಾಡಿನಿಂದಲೇ ಎಂಟು ಹೃದಯ ತುಂಬಿಸುತ್ತೇನೆ ಅಂತ ಹೊರಟರೆ ಇಪ್ಪತ್ತೈದು ಬೇಕು, ಅಂದರೆ 5500. ಮದುವೆ ಪದಕಕ್ಕಿಂತ ಸೊಪ್ಪಿನ ಖರ್ಚೇ ಜಾಸ್ತಿ. ಲೆಕ್ಕ ಹಾಕಿದ ಮೇಲೆ ಪ್ರೀತಿ ಪ್ರೀತಿಯಾಗಿ ಉಳಿಯುತ್ತಾ, ಹೇಳಿ? ಹಾಲಿನ ಡೈರಿಯ ಪಾಸ್‌ಬುಕ್ಕಿನ ಥರ ಆಗಿಬಿಡುತ್ತದೆ.

ಇದು ಈ ಒಂದು ಆಟದ ಕಥೆಯಲ್ಲ. ಸ್ಕೈರಿಮ್ ಅಂತ 2011ರ ಆಟ ಇದೆ, ನಮ್ಮ ವಯಸ್ಸಿನವರು ಯಾರೂ ಬಿಟ್ಟಿರಲಿಕ್ಕಿಲ್ಲ. ಅದರಲ್ಲಿ ಮದುವೆ ಇನ್ನೂ ಸಲೀಸು. 200 ಚಿನ್ನ ಕೊಟ್ಟು ಮಾರಾ ದೇವಿಯ ತಾಯತ ಕೊಂಡು ಕೊರಳಿಗೆ ಹಾಕಿಕೊಂಡು, ಯಾರಿಗೆ ಮೊದಲು ಒಂದು ಸಣ್ಣ ಉಪಕಾರ ಮಾಡಿದ್ದೀರೋ ಅವರ ಮುಂದೆ ಹೋಗಿ ನಿಂತರೆ ಆಯಿತು, ತಾಯತ ನೋಡಿ ಅವರೇ ಮಾತು ತೆಗೆಯುತ್ತಾರೆ. ಮಾರನೇ ದಿನ ದೇವಸ್ಥಾನದಲ್ಲಿ ಮದುವೆ. ಆಮೇಲೆ ಆ ಜೀವ ಮನೆಯಲ್ಲೇ ಅಂಗಡಿ ಇಟ್ಟು ದಿನಕ್ಕೆ 100 ಚಿನ್ನ ನಿಮ್ಮ ಕೈಗೆ ಕೊಡುತ್ತದೆ, ದಿನಕ್ಕೊಂದು ಊಟ ಮಾಡಿಕೊಡುತ್ತದೆ. ಡ್ರ್ಯಾಗನ್ ಕೊಂದು ಬಂದೆ ಅಂದರೂ ಅದೇ ಮಾತು, ಆರು ತಿಂಗಳು ಮನೆ ಕಡೆ ತಲೆ ಹಾಕದೆ ಬಂದರೂ ಅದೇ ಮಾತು. ಎಲ್ಲಿದ್ದೆ ಅಂತ ಕೇಳುವುದಿಲ್ಲ. ಮೊದಮೊದಲು ಆಹಾ ಅನ್ನಿಸುತ್ತದೆ. ಆಮೇಲೆ ಆ ಮನೆಗೆ ಹೋಗೋದೇ ಮರೆತುಹೋಗುತ್ತದೆ. ನಾನಂತೂ ಯಾರನ್ನು ಮದುವೆಯಾಗಿದ್ದೆ ಅನ್ನೋದೇ ಈಗ ನೆನಪಿಲ್ಲ.

ಹಾಗಾದರೆ ಯಾವುದು ನೆನಪಿದೆ? ಒಡೆದ ತಾಯತ ಒಂದು ನೆನಪಿದೆ. ಡ್ರ್ಯಾಗನ್ ಏಜ್ ಒರಿಜಿನ್ಸ್, 2009. ಅದರಲ್ಲಿ ಅಲಿಸ್ಟರ್ ಅಂತ ಒಬ್ಬ ಜೊತೆಗಾರ. ರಾತ್ರಿ ಬಿಡಾರದ ಬೆಂಕಿ ಹತ್ತಿರ ಕೂತಾಗ ತನ್ನ ಚಿಕ್ಕಂದಿನ ವಿಷಯ ಹೇಳುತ್ತಾನೆ. ಸಾಕಿದವರು ತನ್ನನ್ನು ಮಠಕ್ಕೆ ಕಳಿಸುತ್ತಾರೆ ಅಂತ ಗೊತ್ತಾದಾಗ ಸಿಟ್ಟಿಗೆ ತಾಯಿಯ ನೆನಪಿಗಿದ್ದ ಒಂದೇ ಒಂದು ತಾಯತವನ್ನು ಗೋಡೆಗೆ ಎಸೆದು ಚೂರು ಮಾಡಿದೆ ಅಂತ. ನೀವು ಕೇಳಿ, ಹೂಂ ಅಂದು, ಮುಂದಿನ ಕತ್ತಿವರಸೆಗೆ ಹೋಗುತ್ತೀರಿ. ಎಷ್ಟೋ ಹೊತ್ತಿನ ಮೇಲೆ ಒಂದು ಕೋಟೆಯಲ್ಲಿ, ಸಾಕಿದವನ ಕೋಣೆಯ ಮೇಜಿನಲ್ಲಿ, ಚೂರುಗಳನ್ನು ಜೋಡಿಸಿ ಅಂಟಿಸಿದ ಅದೇ ತಾಯತ ಸಿಗುತ್ತದೆ. ಕೊಟ್ಟಾಗ ಅವನಿಗೆ ಮಾತೇ ಹೊರಡುವುದಿಲ್ಲ. ಇಷ್ಟು ವರ್ಷ ಅದನ್ನು ಯಾರೋ ಎತ್ತಿಟ್ಟಿದ್ದರು ಅನ್ನೋದೂ ಅವನಿಗೆ ಹೊಸದು, ತಾನು ಯಾವಾಗಲೋ ಅಂದಿದ್ದ ಮಾತನ್ನು ನೀವು ಮರೆಯಲಿಲ್ಲ ಅನ್ನೋದೂ ಹೊಸದು.

ತಮಾಷೆ ಏನು ಅಂದರೆ, ಇದೇ ಆಟದಲ್ಲೇ ಜೊತೆಗಾರರಿಗೆ ಸಿಟ್ಟು ಬರುವ ಕೆಲಸ ಮಾಡಿ, ಆಮೇಲೆ ಎರಡು ಉಡುಗೊರೆ ಕೊಟ್ಟು ಸಮಾಧಾನ ಮಾಡಬಹುದು. ತಾಯತಕ್ಕೂ ಅಂಕ, ಬೇರೆ ಉಡುಗೊರೆಗೂ ಅಂಕ, ಯಂತ್ರಕ್ಕೆ ಎರಡೂ ಒಂದೇ. ನನಗೆ ಮಾತ್ರ ಒಂದು ನೆನಪಿದೆ, ಇನ್ನೊಂದು ಇಲ್ಲ.

ಈಚಿನ ಬಾಲ್ಡರ್ಸ್ ಗೇಟ್ 3ರಲ್ಲಿ, ಅದು 2023ರದ್ದು, ಕಾರ್ಲಾಕ್ ಅಂತ ಒಬ್ಬಳಿದ್ದಾಳೆ. ಎತ್ತರದ ಆಳು, ಬಾಯಿ ತುಂಬ ನಗು. ಎದೆಯಲ್ಲಿ ಹೃದಯದ ಜಾಗಕ್ಕೆ ನರಕದ ಎಂಜಿನ್ ಕೂರಿಸಿದ್ದಾರೆ. ಅದರ ಕಾವಿಗೆ ಅವಳನ್ನು ಮುಟ್ಟಿದರೆ ಮುಟ್ಟಿದವರು ಸುಟ್ಟುಹೋಗುತ್ತಾರೆ. ಹತ್ತು ವರ್ಷದಿಂದ ಅವಳನ್ನು ಯಾರೂ ಅಪ್ಪಿಕೊಂಡಿಲ್ಲ. ನೀವು ಕಬ್ಬಿಣ ಹುಡುಕಿ ತಂದು, ಕಮ್ಮಾರನ ಹತ್ತಿರ ಎರಡು ಸಲ ರಿಪೇರಿ ಮಾಡಿಸಿದ ಮೇಲಷ್ಟೇ ಕೈ ಹಿಡಿಯಲು ಆಗೋದು. ಅಲ್ಲಿವರೆಗೆ ಬರೀ ಮಾತು. ನಂಬುತ್ತೀರೋ ಇಲ್ಲವೋ, ಆ ಮಾತಿನ ಭಾಗವೇ ಚೆನ್ನಾಗಿದೆ.

ಆದರೆ ಅಲ್ಲೂ ಒಂದು ಕಿರಿಕಿರಿ. ನೀವು ಏನೇ ಮಾಡಿ, ಪರದೆಯ ಮೂಲೆಯಲ್ಲಿ ಪಟ್ ಅಂತ ಒಂದು ಸಾಲು ಬರುತ್ತದೆ, ಇಂಥವರಿಗೆ ಇಷ್ಟವಾಯಿತು, ಇಂಥವರಿಗೆ ಇಷ್ಟವಾಗಲಿಲ್ಲ ಅಂತ. ಅತ್ತೆ ಮನೆಯಲ್ಲಿ ಮೂರನೇ ಒಬ್ಬಟ್ಟು ಬೇಡ ಅಂದ ತಕ್ಷಣ ಗೋಡೆಯ ಮೇಲೆ "ಅತ್ತೆಗೆ ಇಷ್ಟವಾಗಲಿಲ್ಲ" ಅಂತ ಮೂಡಿದ ಹಾಗೆ. ನಿಜವಾದ ಅತ್ತೆ ಏನೂ ಹೇಳುವುದಿಲ್ಲ. ನಾಲ್ಕು ತಿಂಗಳಾದ ಮೇಲೆ ಯಾರದ್ದೋ ಮದುವೆಯಲ್ಲಿ, "ನಮ್ಮ ಅಳಿಯಂದಿರಿಗೆ ನಮ್ಮ ಕೈ ಅಡುಗೆ ಸೇರಲ್ಲ" ಅಂತಾರೆ. ಆ ನಾಲ್ಕು ತಿಂಗಳು ಗೊತ್ತಿಲ್ಲದೆ ಓಡಾಡೋದು ಇದೆಯಲ್ಲ, ಅದನ್ನು ಆಟದವರು ಕಿತ್ತುಕೊಂಡುಬಿಟ್ಟಿದ್ದಾರೆ. ನನ್ನ ಕೈಗೆ ಕೊಟ್ಟರೆ ಮೊದಲು ಆ ಮೂಲೆಯ ಸಾಲು ಅಳಿಸುತ್ತೇನೆ. ಎದುರಿಗಿರುವವರ ಮುಖ ನೋಡಿ, ದನಿ ಕೇಳಿ, ತಪ್ಪು ತಿಳಿದುಕೊಂಡು ಒದ್ದಾಡಲಿ.

ಇನ್ನು ಒಪ್ಪಿಕೊಂಡ ಮೇಲಿನ ಕಥೆ. ಎಷ್ಟೋ ಆಟಗಳಲ್ಲಿ ಹೂಂ ಅಂದ ದಿನವೇ ಅವರ ಮಾತು ಮುಗಿಯುತ್ತದೆ. ಸ್ಟಾರ್‌ಡ್ಯೂಗೆ 2019ರಲ್ಲಿ ಮದುವೆ ಆದಮೇಲಿನ ಒಂದಷ್ಟು ಪ್ರಸಂಗ ಸೇರಿಸಿದರು, ಒಳ್ಳೆಯದೇ. ಆದರೂ ಮದುವೆಯಾದ ಜೋಡಿ ಸಣ್ಣಪುಟ್ಟದ್ದಕ್ಕೆ ಜಗಳ ಆಡಿದ್ದು ನಾನು ಯಾವ ಆಟದಲ್ಲೂ ಸರಿಯಾಗಿ ನೋಡಿಲ್ಲ. ಕೊಲೆ, ರಾಜದ್ರೋಹ, ದೇವರ ಮೇಲೆ ಯುದ್ಧ, ಇದಕ್ಕೆಲ್ಲ ಮುನಿಸಿಕೊಳ್ಳುತ್ತಾರೆ. ಬೆಂಡೆಕಾಯಿಗೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಬೆಂಡೆಕಾಯಿ ಯಾಕೆ ಅಂದೆ ಅಂದರೆ, ನಮ್ಮಪ್ಪ ವಾರಕ್ಕೊಂದು ಸಲ ಅಂತರಸನಹಳ್ಳಿ ಮಾರ್ಕೆಟ್ಟಿಗೆ ಹೋಗುತ್ತಾರೆ, ತಪ್ಪದೆ ಬಲಿತ ಬೆಂಡೆಕಾಯಿ ತರುತ್ತಾರೆ. ತುದಿ ಮುರಿದು ನೋಡಿ ತರಬೇಕು ಅಂತ ಊರಿಗೆಲ್ಲ ಗೊತ್ತು. ಅಪ್ಪನಿಗೆ ಅಂಗಡಿಯವನ ಮುಂದೆ ಮುರಿಯಲು ಸಂಕೋಚ. ಅಮ್ಮ ಅಡುಗೆಮನೆ ಕಟ್ಟೆಯ ಮೇಲೆ ಚೀಲ ಸುರಿದು ಒಂದೊಂದನ್ನೇ ಎತ್ತಿ ತುದಿ ಬಗ್ಗಿಸುತ್ತಾಳೆ. ಅದು ಮುರಿಯುವುದಿಲ್ಲ, ನಾರಿನ ಥರ ಬಾಗುತ್ತದೆ. ಬಗ್ಗಿದ ಕಾಯಿ ಹಿಡಿದುಕೊಂಡೇ ಅಪ್ಪನ ಕಡೆ ನೋಡುತ್ತಾಳೆ. ಅಪ್ಪ ಪೇಪರ್ ಇನ್ನೂ ಸ್ವಲ್ಪ ಮೇಲಕ್ಕೆತ್ತುತ್ತಾರೆ. 32 ವರ್ಷದಿಂದ ಇದೇ ಆಗಿದೆ. ಸ್ಟಾರ್‌ಡ್ಯೂನಲ್ಲಿ ಆಗದ ಉಡುಗೊರೆ ಕೊಟ್ಟರೆ 40 ಅಂಕ ಕಳೆಯುತ್ತಾರೆ. ವಾರಕ್ಕೆ 40ರಂತೆ 32 ವರ್ಷಕ್ಕೆ 66,560. ಅಷ್ಟೊತ್ತಿಗೆ ಅಪ್ಪ ತುಮಕೂರು ಜಿಲ್ಲೆಯಲ್ಲೇ ಇರಬಾರದಿತ್ತು.

ಮೊನ್ನೆ ಅವರಿಗೆ ಮಂಡಿನೋವು ಅಂತ ಮಾರ್ಕೆಟ್ಟಿಗೆ ನಾನು ಹೋದೆ, ಒಂದೊಂದೂ ಮುರಿದು ನೋಡಿಯೇ ತಂದೆ. ಅಮ್ಮ ಬಗ್ಗಿಸಿದಳು, ಟಕ್. ಇನ್ನೊಂದು, ಟಕ್. ನಾಲ್ಕೈದು ನೋಡಿ ಸುಮ್ಮನೆ ಹೆಚ್ಚಲು ಕೂತಳು. ಅವತ್ತು ಅಡುಗೆಮನೆಯಲ್ಲಿ ಮಾತೇ ಇರಲಿಲ್ಲ.

ಮಾಸ್ ಎಫೆಕ್ಟ್ ಆಟಗಳಲ್ಲಿ ಇದರ ಹತ್ತಿರಕ್ಕೆ ಬರುವ ಎರಡು ಜಾಗ ಇವೆ. ಮೊದಲ ಭಾಗದಲ್ಲಿ ಯಾರನ್ನಾದರೂ ಪ್ರೀತಿಸಿ, ಉಳಿಸಿಟ್ಟ ಆ ಆಟದ ಫೈಲನ್ನೇ ಇಟ್ಟುಕೊಂಡು 2010ರ ಎರಡನೇ ಭಾಗ ಆಡಿದರೆ ನಿಮ್ಮ ಕೋಣೆಯ ಮೇಜಿನ ಮೇಲೆ ಅವರ ಫೋಟೋ ಇರುತ್ತದೆ. ಹೊಸಬರ ಹಿಂದೆ ಬಿದ್ದರೆ ಆ ಫೋಟೋ ಬೋರಲು ಬಿದ್ದಿರುತ್ತದೆ. ಒಂದು ಮಾತಿಲ್ಲ, ಅಂಕ ಇಲ್ಲ. ವಿಚರ್ 3 ಅನ್ನುವ ಬೇರೆ ಆಟದಲ್ಲಿ ಇಬ್ಬರು ಹೆಂಗಸರಿಗೂ ಮಾತು ಕೊಟ್ಟರೆ ಇಬ್ಬರೂ ಸೇರಿ ನಿಮ್ಮನ್ನು ಮಂಚಕ್ಕೆ ಕಟ್ಟಿಹಾಕಿ ಹೋಗುತ್ತಾರೆ, ಅದು ನಗು ಬರಿಸುತ್ತದೆ, ಅಷ್ಟೆ. ನನಗೆ ಚುಚ್ಚಿದ್ದು ಫೋಟೋ.

ಇನ್ನೊಂದು ಜಾಗ ಮಾಸ್ ಎಫೆಕ್ಟ್‌ನ ಮೂರನೇ ಭಾಗದ್ದು. ಗ್ಯಾರಸ್ ಅನ್ನುವ ಹಳೇ ಜೊತೆಗಾರ, ಗುರಿಕಾರ. ಯುದ್ಧದ ಮಧ್ಯೆ ಬಿಡುವು ಮಾಡಿಕೊಂಡು ನಿಮ್ಮನ್ನು ಎತ್ತರದ ಜಾಗಕ್ಕೆ ಕರೆದುಕೊಂಡು ಹೋಗಿ, ಬಾಟಲಿ ಎಸೆದು ಗುಂಡು ಹೊಡೆಯುವ ಪಂದ್ಯ ಹಾಕುತ್ತಾನೆ. ಕೊನೆಯ ಬಾಟಲಿಯನ್ನು ನೀವು ಹೊಡೆಯಬಹುದು, ಇಲ್ಲವಾದರೆ ಬೇಕಂತಲೇ ಗುರಿ ತಪ್ಪಿಸಬಹುದು. ತಪ್ಪಿಸಿದರೆ ಅವನು ಬೀಗುವುದು ನೋಡಬೇಕು. ಲೋಕವೇ ಮುಳುಗುತ್ತಿರುವಾಗ ಒಂದು ಬಾಟಲಿ ಬಿಟ್ಟುಕೊಡೋದು. ನಾನು ಬಿಟ್ಟುಕೊಟ್ಟೆ, ಈ ಕಥೆಯನ್ನು ಹೆಂಡತಿಗೂ ಹೇಳಿದೆ. ಅದೇ ತಪ್ಪಾಗಿದ್ದು.

ಕಳೆದ ಭಾನುವಾರ ಮಧ್ಯಾಹ್ನ ಕರೆಂಟ್ ಹೋಯಿತು. ಹೆಂಡತಿ ನಡುಮನೆಯ ನೆಲದ ಮೇಲೆ ಬಳಪದಲ್ಲಿ ಐದೈದು ಮನೆ ಗೀಚಿ ಕವಡೆ ತಂದಳು. ಚೌಕಾಬಾರ. ಅವಳ ಕಾಯಿ ಒಡೆದ ಬಳೆ ಚೂರು, ನಂದು ಹುಣಸೆ ಬೀಜ. ಒಂದು ಗಂಟೆ ಎಳೆದಾಡಿ, ಅವಳ ಒಂದು ಕಾಯಿ ಹಣ್ಣಾಗಲು ಒಂದೇ ಮನೆ ಇತ್ತು. ಅದನ್ನು ಹೊಡೆಯಲು ನನಗೆ ಮೂರು ಬೇಕಿತ್ತು. ಕವಡೆ ಹಾಕಿದೆ, ಮೂರೇ ಬಿತ್ತು. ಕಾಣದವನ ಹಾಗೆ ಇನ್ನೊಂದು ಬೀಜ ನಡೆಸಿದೆ.

"ಮೂರು ಬಿತ್ತಲ್ವಾ? ಹೊಡೀಬೋದಿತ್ತಲ್ಲ."

"ಅಯ್ಯೋ, ನೋಡ್ಲೇ ಇಲ್ಲ."

"ನೋಡ್ಲಿಲ್ವಂತೆ." ಕವಡೆಗಳನ್ನು ಅಂಗೈಯಲ್ಲಿ ಸುಮಾರು ಹೊತ್ತು ಕುಲುಕಿದಳು. "ರೀ, ನಾನು ಬಾಟಲಿ ಅಲ್ಲ."

ಹಣ್ಣಾಗಲು ಒಂದು ಸಾಕಾಗಿತ್ತು. ಚೌಕ ಬಿತ್ತು, ಅಂದರೆ ನಾಲ್ಕು. ಆ ಕಾಯಿ ಅಲುಗದೆ ಅಲ್ಲೇ ಉಳಿಯಿತು, ನಾಲ್ಕು ಮನೆ ಆಚೆ ಇದ್ದ ನನ್ನ ಬೀಜವನ್ನು ಹಿಂದಿನ ಇನ್ನೊಂದು ಚೂರಿನಿಂದ ಹೊಡೆದು, ಹೊಡೆದಿದ್ದಕ್ಕೆ ಸಿಕ್ಕ ಆಟದಲ್ಲಿ ಇನ್ನೊಂದನ್ನೂ ಹೊಡೆದಳು.

"ನಾನು ನೋಡ್ತೀನಿ," ಅಂದಳು.