ಆಕ್ಸಲ್ ಜಾಯಿಂಟ್ ಬಿಚ್ಚಿದ್ರೆ ವಾಪಸ್ ಕೂರಲ್ವಂತೆ!

ಕಾರಿನ ಆಕ್ಸಲ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್) ತುದಿಯ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಹರಿದಿದೆ ಅಷ್ಟೇ, ಅದಕ್ಕೆ ಇಡೀ ಆಕ್ಸಲ್ ಬದಲಾಯಿಸಿ ಅನ್ನುವವರ ಮೇಲೆ ನನಗೆ ಸಿಟ್ಟಿದೆ. ಯಾಕೆ ಅಂತ ಕೇಳಿದರೆ ಎಲ್ಲರದೂ ಒಂದೇ ರಾಗ. "ಸರ್, ಆ ಜಾಯಿಂಟ್ ಬಿಚ್ಚಿದ್ರೆ ವಾಪಸ್ ಕೂರಲ್ಲ." ಕೂರುತ್ತದೆ ಸ್ವಾಮಿ. ಮಾರ್ಕರ್ ಪೆನ್ನು, ಒಗೆದ ಬಟ್ಟೆ, ಅವಸರ ಇಲ್ಲದ ಕೈ ಇದ್ದರೆ ಖಂಡಿತ ಕೂರುತ್ತದೆ.

ಅಂಬಾಸಿಡರ್, ಪದ್ಮಿನಿ ಓಡಿಸಿದವರಿಗೆ ಈ ತಲೆನೋವು ಇರಲಿಲ್ಲ. ಅವುಗಳಲ್ಲಿ ಎಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುತ್ತಿತ್ತು, ನಡುವಿನ ಪ್ರೊಪೆಲ್ಲರ್ ಶಾಫ್ಟಿಗೆ ಕ್ರಾಸ್ (ಪ್ಲಸ್ ಆಕಾರದ ಜಾಯಿಂಟ್) ಸಾಕಾಗುತ್ತಿತ್ತು. 1983ರಲ್ಲಿ ಮಾರುತಿ 800 ಬಂತು, ಮುಂದಿನ ಚಕ್ರವೇ ಗಾಡಿ ಎಳೆಯೋಕೆ ಶುರುವಾಯಿತು. ಈಗ ಅದೇ ಚಕ್ರ ಸ್ಟೀರಿಂಗ್ ಜೊತೆ ಹೊರಳಬೇಕು, ಗುಂಡಿಯಲ್ಲಿ ಮೇಲೆ ಕೆಳಗೆ ಆಡಬೇಕು, ಇಷ್ಟರ ನಡುವೆ ಒಂದೇ ಸಮನೆ ಸುತ್ತಲೂ ಬೇಕು. ಇಲ್ಲಿ ಕ್ರಾಸ್ ಹಾಕಿದರೆ ಕೋನ ಜಾಸ್ತಿ ಆದ ಹಾಗೆ ಒಂದೇ ಸುತ್ತಿನಲ್ಲಿ ಎರಡು ಸಲ ವೇಗ ಏರಿ ಎರಡು ಸಲ ಇಳಿಯುತ್ತದೆ, ತಿರುವಿನಲ್ಲಿ ಗಾಡಿ ಗಡಗಡ ಅನ್ನುತ್ತದೆ. ಅದಕ್ಕೇ ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ, ಅಂದರೆ ಒಂದೇ ವೇಗದ) ಜಾಯಿಂಟ್. ಫೋರ್ಡ್‌ನಲ್ಲಿದ್ದ ಎಂಜಿನಿಯರ್ ಆಲ್ಫ್ರೆಡ್ ರ್ಜೆಪ್ಪಾ 1920ರ ದಶಕದಲ್ಲೇ ಇದನ್ನು ಮಾಡಿಟ್ಟಿದ್ದ. 1959ರ ಬ್ರಿಟಿಷ್ ಮಿನಿ ಕಾರಿನಲ್ಲೂ ಇದ್ದದ್ದು ಇದೇ ಜಾತಿಯ ಜಾಯಿಂಟ್. ಹೊರಗೆ ಒಂದು ಕಪ್, ಒಳಗೆ ಒಂದು ರೇಸ್ (ಗುಂಡು ಓಡುವ ತೋಡುಗಳಿರುವ ಉಂಗುರ), ನಡುವೆ ಕೇಜ್, ಕೇಜಿನ ಕಿಟಕಿಗಳಲ್ಲಿ ಆರು ಗುಂಡು. ಎರಡು ಶಾಫ್ಟುಗಳ ನಡುವೆ ಎಷ್ಟೇ ಕೋನ ಇರಲಿ, ಅದನ್ನು ಸರಿಯಾಗಿ ಅರ್ಧ ಮಾಡುವ ಜಾಗದಲ್ಲೇ ಆರೂ ಗುಂಡು ನಿಲ್ಲುತ್ತವೆ. ಎಂಥಾ ತಲೆ ಅಲ್ವಾ!

ಇನ್ನು "ಕೂರಲ್ಲ" ಅನ್ನೋ ಮಾತಿಗೆ ಬರೋಣ. ಎಷ್ಟೋ ಕಂಪನಿಗಳ ಸರ್ವಿಸ್ ಕೈಪಿಡಿಯಲ್ಲೇ ಚಕ್ರದ ಕಡೆಯ ಜಾಯಿಂಟ್ ಬಿಚ್ಚಬೇಡಿ ಅಂತ ಇರುತ್ತದೆ. ಅಂಥ ಗಾಡಿಯಲ್ಲಿ ಬಿಚ್ಚಬೇಡಿ, ನಾನೂ ಅದನ್ನೇ ಹೇಳ್ತೀನಿ. ಆದರೆ ಬೂಟ್ ಹರಿದರೆ ಆಕ್ಸಲ್ ಬಿಸಾಕಿ ಅಂತ ಆ ಕೈಪಿಡಿಯಲ್ಲಿ ಇಲ್ಲ. ಗೇರ್‌ಬಾಕ್ಸ್ ಕಡೆ ಇರುವುದು ಸಾಮಾನ್ಯವಾಗಿ ಮೂರು ರೋಲರಿನ ಜಾಯಿಂಟ್. ಅದರ ಸರ್ಕ್ಲಿಪ್ (ಜಾಯಿಂಟ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಉಂಗುರ) ತೆಗೆದು, ರೋಲರ್ ಹೊತ್ತ ಸ್ಪೈಡರಿಗೂ ಶಾಫ್ಟಿಗೂ ಒಂದೊಂದು ಗುರುತು ಹಾಕಿ ಕಳಚಿದರೆ ಚಕ್ರದ ಕಡೆಯ ಬೂಟನ್ನೂ ಅದೇ ದಾರಿಯಲ್ಲಿ ತೂರಿಸಬಹುದು. ಶಾಫ್ಟಿನ ಹಲ್ಲುಗಳಿಗೆ ಟೇಪ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ಹೊಸ ಬೂಟಿನ ಬಾಯಿ ಅಲ್ಲೇ ಕೊಯ್ದುಹೋಗುತ್ತದೆ. ಹೊರಗಿನ ಜಾಯಿಂಟನ್ನು ಇದ್ದ ಹಾಗೇ ಅತ್ತಿತ್ತ ಬಗ್ಗಿಸುತ್ತಾ ತೊಳೆದು, ಪೂರ್ತಿ ಒಣಗಿಸಿ, ಗ್ರೀಸ್ ತುಂಬಿದರೆ ಆಯಿತು.

ಬಿಚ್ಚಬಹುದಾದ ಜಾಯಿಂಟ್ ಆದರೆ ಕಪ್, ಕೇಜ್, ರೇಸ್ ಮೂರಕ್ಕೂ ಒಂದೇ ಸಾಲಿನಲ್ಲಿ ಗುರುತು ಹಾಕಿ. ತೆಗೆದ ಗುಂಡುಗಳನ್ನು ಮೊಟ್ಟೆ ಟ್ರೇಯಲ್ಲಿ ಅದೇ ಕ್ರಮದಲ್ಲಿ ಇಡಿ. ಒಂದೊಂದು ಗುಂಡೂ ತನ್ನ ತೋಡಿನಲ್ಲೇ ಸವೆದಿರುತ್ತದೆ, ಬೇರೆಯದಕ್ಕೆ ಹಾಕಬಾರದು. ತೊಳೆದ ಮೇಲೆ ತೋಡಿನ ಉದ್ದಕ್ಕೂ ಉಗುರು ಆಡಿಸಿ. ಬರೀ ಹೊಳಪಿನ ಗೆರೆ ಇದ್ದರೆ ಚಿಂತೆ ಇಲ್ಲ. ಉಗುರು ಸಿಕ್ಕಿಕೊಂಡರೆ, ಅಥವಾ ಮೊದಲೇ ಫುಲ್ ಕಟ್ ತಿರುವಿನಲ್ಲಿ ಕಟಕಟ ಅನ್ನುತ್ತಿದ್ದರೆ, ಆ ಜಾಯಿಂಟ್ ಗುಜರಿಗೆ. ಗ್ರೀಸ್ ತುಂಬಿ ಸದ್ದು ಮುಚ್ಚುವುದು ಮೋಸ.

ಜೋಡಿಸುವಾಗ ಎಲ್ಲರೂ ಎಡವುವುದು ಒಂದೇ ಕಡೆ. ರೇಸನ್ನು ನೆಟ್ಟಗೆ ಅಡ್ಡ ತಿರುಗಿಸಿ, ಅದರ ಒಂದು ಉಬ್ಬನ್ನು ಕೇಜಿನ ಕಿಟಕಿಯಲ್ಲಿ ತೂರಿಸಿದರೆ ಮಾತ್ರ ಒಳಗೆ ಹೋಗುತ್ತದೆ. ಕೇಜನ್ನು ಕಪ್‌ಗೆ ಇಳಿಸೋದೂ ಹಾಗೇ ಅಡ್ಡಡ್ಡ, ಒಳಗೆ ಹೋದ ಮೇಲೆ ಮಲಗಿಸಬೇಕು. ಆಮೇಲೆ ಕೇಜನ್ನು ಒಂದು ಕಡೆಗೆ ವಾಲಿಸಿದರೆ ಎದುರು ಕಿಟಕಿ ಮೇಲೆ ಬರುತ್ತದೆ, ಅಲ್ಲಿ ಒಂದು ಗುಂಡು. ಮತ್ತೆ ವಾಲಿಸಿ, ಇನ್ನೊಂದು. ಕೊನೆಯದಕ್ಕೆ ಜಾಸ್ತಿ ವಾಲಿಸಬೇಕು, ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರೆ ತಪ್ಪಿಲ್ಲ. ಸುತ್ತಿಗೆ ಎತ್ತಬೇಕು ಅನ್ನಿಸಿತಾ? ಹಾಗಾದರೆ ಗುರುತು ತಪ್ಪಿದೆ, ಇಲ್ಲಾ ರೇಸ್ ತಲೆಕೆಳಗಾಗಿದೆ. ಕೆಳಗಿಟ್ಟು ಮೊದಲಿಂದ ನೋಡಿ. ಆರೂ ಕೂತ ಮೇಲೆ ಕೈಯಲ್ಲಿ ಹಿಡಿದು ಎಲ್ಲ ದಿಕ್ಕಿಗೂ ಬಗ್ಗಿಸಿದರೆ ಬೆಣ್ಣೆ ಥರ ಆಡಬೇಕು.

ಗ್ರೀಸ್ ವಿಷಯದಲ್ಲಂತೂ ನಮ್ಮ ಕಡೆ ಕೇಳೋರೇ ಇಲ್ಲ. ಇದಕ್ಕೆ ಬೇಕಾದ್ದು ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸ್. ಬೂಟ್ ಕಿಟ್ ಜೊತೆಗೇ ಅಳತೆಯ ಪ್ಯಾಕೆಟ್ ಬರುತ್ತದೆ. ಅದನ್ನು ಪಕ್ಕಕ್ಕಿಟ್ಟು, ಮುಚ್ಚಳ ಇಲ್ಲದ ಡಬ್ಬದಿಂದ ಬೇರಿಂಗ್ ಗ್ರೀಸ್ ಎರಡು ಬೆರಳಲ್ಲಿ ಬಾಚಿ ತುಂಬುವುದನ್ನು ಕಣ್ಣಾರೆ ನೋಡಿದ್ದೇನೆ, ಅದರಲ್ಲಿ ಮರಳೂ ಇತ್ತು. ಸರ್ಕ್ಲಿಪ್ ಹೊಸದೇ ಹಾಕಿ. ಕೂತಿತು ಅನ್ನಿಸಿದ ಮೇಲೂ ಒಮ್ಮೆ ಎಳೆದು ನೋಡಿ. ಬೂಟಿನ ಸಣ್ಣ ಬಾಯಿಯನ್ನು ಚೂರೇ ಎತ್ತಿ ಒಳಗಿನ ಗಾಳಿ ಬಿಟ್ಟ ಮೇಲೆ ಕ್ಲಾಂಪ್ ಬಿಗಿಯಿರಿ. ಸ್ಟೀಲ್ ಕ್ಲಾಂಪ್ ಜಾಗದಲ್ಲಿ ಬೈಂಡಿಂಗ್ ವೈರ್ ಸುತ್ತಿ ಕಳಿಸೋ ಮಹಾಶಯರೂ ಇದ್ದಾರೆ. ಗಾಡಿಗೆ ಹಾಕುವಾಗ ಶಾಫ್ಟ್ ಹಿಡಿದು ಎಳೆದಾಡಬೇಡಿ, ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ಗೇರ್‌ಬಾಕ್ಸಿನ ಆಯಿಲ್ ಸೀಲಿನ ತುಟಿಗೆ ಶಾಫ್ಟಿನ ಹಲ್ಲು ತಾಗದಂತೆ ನೇರವಾಗಿ ಒಳಗೆ ಬಿಡಿ. ಚಕ್ರದ ನಡುವಿನ ಹಬ್ ನಟ್ ಕೂಡ ಹೊಸದು, ಬಿಗಿಯುವುದು ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ಪಾನಾದಲ್ಲಿ.

ಇದೆಲ್ಲ ಗೊತ್ತಿದ್ದೂ ಮೆಕ್ಯಾನಿಕ್ ಯಾಕೆ ಆಕ್ಸಲ್ ಬದಲಾಯಿಸಿ ಅಂತಾನೆ? ತಪ್ಪು ಅವನೊಬ್ಬನದೇ ಅಲ್ಲ. ಬಿಡಿಭಾಗಕ್ಕೆ ಸಾವಿರಗಟ್ಟಲೆ ಅಂದರೆ ನಾವು ತುಟಿ ಬಿಚ್ಚದೆ ಕೊಡ್ತೀವಿ. ಅವನು ಗಂಟೆಗಟ್ಟಲೆ ಕೂತು ತೊಳೆದು, ನೋಡಿ, ಜೋಡಿಸಿದ್ದಕ್ಕೆ ಲೇಬರ್ ಕೇಳಿದರೆ "ಏನಣ್ಣ, ಬರೀ ರಬ್ಬರ್ ಹಾಕಿದ್ದಕ್ಕೆ ಇಷ್ಟಾ?" ಅಂತೀವಿ. ಅವನಿಗೂ ಲೆಕ್ಕ ಬರುತ್ತೆ. ಇಡೀ ಆಕ್ಸಲ್ ಬೇಗ ಮುಗಿಯುತ್ತದೆ, ಅದರಲ್ಲಿ ಅವನಿಗೆ ಒಂದಿಷ್ಟು ಉಳಿಯುತ್ತದೆ ಕೂಡ. ಸಮಸ್ಯೆ ಏನಂದರೆ, ಹೀಗೆ ಹಾಕುವ ಅಗ್ಗದ ಹೊಸ ಆಕ್ಸಲ್‌ಗಿಂತ ಗಾಡಿ ಜೊತೆ ಫ್ಯಾಕ್ಟರಿಯಿಂದ ಬಂದ ಹಳೆಯದೇ ಎಷ್ಟೋ ಸಲ ಗಟ್ಟಿ.

ಹಾಗಾಗಿ ನಾನು ಮೊದಲೇ ಮಾತಾಡಿಕೊಳ್ತೀನಿ. ಕಿಟ್ ನಾನು ತರ್ತೀನಿ (ಬೆಂಗಳೂರಿನವರಿಗೆ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆ ಇದೆ, ಗಾಡಿಯ ವರ್ಷ, ಮಾಡೆಲ್ ಬರೆದುಕೊಂಡು ಹೋಗಿ), ಲೇಬರ್ ನೀನು ಹೇಳಿದಷ್ಟು, ಆದರೆ ಜೋಡಿಸುವಾಗ ಪಕ್ಕದಲ್ಲಿ ನಾನು ನಿಂತಿರ್ತೀನಿ. ಒಪ್ಪದವರ ಹತ್ತಿರ ಗಾಡಿ ಬಿಡಲ್ಲ.

ಮತ್ತೆ, ಮಳೆ ಶುರುವಾಗೋ ಮುಂಚೆ ಒಂದು ಸಲ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ಬೂಟಿನ ಮಡಿಕೆಗಳ ಸಂದು ನೋಡಿ. ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ಅವತ್ತೇ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಕೆಸರು ನೀರು ಒಳಗೆ ಹೋದ ಮೇಲೆ ನಾನು ಬರೆದದ್ದು ಯಾವುದೂ ಉಪಯೋಗಕ್ಕೆ ಬರಲ್ಲ.