ರೆಕ್ಕೆಗೆ ಸರ್ಟಿಫಿಕೇಟು, ಕಣ್ಣಿಗೆ ಮಾಫಿ

ತೊಗರಿಗೆ ಔಷಧ ಹೊಡೆಯಲು ಪಾಸ್‌ಪೋರ್ಟ್ ಬೇಕು ಎಂದರೆ ನಗಬೇಡಿ. 2023ರ ಸೆಪ್ಟೆಂಬರ್ ತನಕ ಬೇಕಿತ್ತು. ಪಂಪು ಬೆನ್ನಿಗೇರಿಸಿಕೊಂಡು ಹೊಡೆಯುವವರಿಗೆ ಬೇಡ. ಡ್ರೋನ್‌ನಿಂದ ಹೊಡೆಯುತ್ತೇನೆ, ನನಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಕೊಡಿ ಎಂದು ಅರ್ಜಿ ಹಾಕುವವರಿಗೆ ಬೇಕಿತ್ತು. ನಮ್ಮ ಆಳಂದದ ರೈತ ಸೊಲ್ಲಾಪುರಕ್ಕೆ ಹೋಗಿ ಬಂದರೆ ಅದೇ ದೊಡ್ಡ ಪ್ರಯಾಣ. ಅಂಥವನು ತನ್ನದೇ ಹೊಲದಲ್ಲಿ, ಬೆಳೆಯ ತುದಿಯಿಂದ ಎರಡು ಮೂರು ಮೀಟರ್ ಮೇಲೆ ಒಂದು ಯಂತ್ರ ಹಾರಿಸಲು ದುಬೈಗೆ ಹೊರಟವರ ಸಾಲಿನಲ್ಲಿ ನಿಲ್ಲಬೇಕಿತ್ತು. ಕೊನೆಗೆ ದಿಲ್ಲಿಯವರಿಗೂ ಇದು ಸ್ವಲ್ಪ ಜಾಸ್ತಿ ಆಯ್ತು ಅನ್ನಿಸಿತು. ಆ ತಿಂಗಳ 27ರಂದು ನಿಯಮ ತಿದ್ದಿದರು. ಈಗ ವೋಟರ್ ಐಡಿ, ರೇಷನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಇದ್ದರೂ ನಡೆಯುತ್ತದೆ.

ಇದನ್ನು ಹೇಳಿದ್ದು ಸರ್ಕಾರ ಎಷ್ಟು ಹುಷಾರಿನದ್ದು ಅಂತ ತೋರಿಸಲು. ಡ್ರೋನ್ ಹಾರಿಸುವವರ ವಯಸ್ಸು 18 ಆಗಿರಬೇಕು, 65 ದಾಟಿರಬಾರದು. ಹತ್ತನೇ ಕ್ಲಾಸು ಪಾಸಾಗಿರಬೇಕು. ವಿಮಾನಯಾನದ ಮೇಲೆ ಕಣ್ಣಿಡುವ ಕೇಂದ್ರದ ಇಲಾಖೆ ಡಿಜಿಸಿಎ ಒಪ್ಪಿದ ಕೇಂದ್ರದಲ್ಲಿ ಹತ್ತಾರು ಸಾವಿರ ಕಟ್ಟಿ ತರಬೇತಿ ಪಡೆಯಬೇಕು. ಪರೀಕ್ಷೆ ಬರೆಯಬೇಕು, ಹಾರಿಸಿ ತೋರಿಸಬೇಕು. ಪಾಸಾದರೆ ಹತ್ತು ವರ್ಷ ನಡೆಯುವ ಸರ್ಟಿಫಿಕೇಟು. ಮೊದಲು ಇದಕ್ಕೆ ಲೈಸೆನ್ಸ್ ಎನ್ನುತ್ತಿದ್ದರು. 2022ರ ಫೆಬ್ರವರಿಯಲ್ಲಿ ಲೈಸೆನ್ಸ್ ರದ್ದಾಗಿ ಸರ್ಟಿಫಿಕೇಟ್ ಬಂತು. ನಮ್ಮ ಕಡೆ ಎಲ್ಲರೂ ಇನ್ನೂ ಲೈಸೆನ್ಸೇ ಅನ್ನುತ್ತಾರೆ, ಬಿಡಿ.

ನಮ್ಮ ಓಣಿಯ ಹುಡುಗನೊಬ್ಬ ಇದನ್ನೆಲ್ಲ ಮುಗಿಸಿ ಬಂದಿದ್ದಾನೆ. ಕಟ್ಟೆ ಮೇಲೆ ಕೂತರೆ ಈಗ ಅವನದೇ ಮಾತು. ಗಾಳಿ ಎಷ್ಟಿದ್ದರೆ ಹಾರಿಸಬಾರದು, ಬ್ಯಾಟರಿ ಊದಿಕೊಂಡರೆ ಏನು ಮಾಡಬೇಕು, ವಿಮಾನ ನಿಲ್ದಾಣದವರ ಜೊತೆ ಹೇಗೆ ಮಾತಾಡಬೇಕು, ಕಂಪ್ಯೂಟರ್ ಮುಂದೆ ಕೂತು ಸುಳ್ಳು ಡ್ರೋನ್ ಹಾರಿಸಿದ್ದು, ಆಮೇಲೆ ಬಯಲಲ್ಲಿ ನಿಜದ ಡ್ರೋನ್‌ನಿಂದ ಗಾಳಿಯಲ್ಲಿ ಎಂಟರ ಅಂಕಿ ಬಿಡಿಸಿದ್ದು. ಕೇಳಲು ಖುಷಿಯಾಗುತ್ತದೆ. ಹುಡುಗ ನಿಜಕ್ಕೂ ಕಲಿತಿದ್ದಾನೆ. ನಾನು ಸುಮ್ನೆ ಕೇಳಿದೆ:

“ಮಂದಿ ಮನಿ ಮ್ಯಾಲ ಹಾರಸುವಾಗ ಏನು ನೋಡಬಾರದು ಅಂತ ಏನರ ಹೇಳಿಕೊಟ್ರೇನಪಾ?”

“ಒಂದು ಸ್ಲೈಡ್ ಇತ್ರಿ ಕಾಕಾ. ಇನ್ನೊಬ್ಬರ ಖಾಸಗಿತನ ಗೌರವಿಸಿ ಅಂತ ಬರೆದಿದ್ರು. ಅಷ್ಟೊತ್ತಿಗಿ ಊಟದ ಟೈಮ್ ಆಗಿತ್ತು. ಸರ್ ನೆಕ್ಸ್ಟ್ ಅಂದ್ರು.”

ಸರ್ ತಪ್ಪಿಲ್ಲ. ದೇಶದ ನಿಯಮವೇ ನೆಕ್ಸ್ಟ್ ಅಂದಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಕೂತು, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಆ ಕೇಸಿನಲ್ಲಿ ಹೆಸರು ಉಳಿದದ್ದು ನಮ್ಮ ರಾಜ್ಯದವರದೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾಗಿ ನಾಲ್ಕು ವರ್ಷ ಒಂದು ದಿನಕ್ಕೆ, 2021ರ ಆಗಸ್ಟ್ 25ರಂದು, ಈಗಿನ ಡ್ರೋನ್ ನಿಯಮಗಳು ಬಂದವು. ಅದೇ ವರ್ಷದ ಮಾರ್ಚ್‌ನಲ್ಲಿ ಬಂದಿದ್ದ ಹಿಂದಿನ ನಿಯಮಗಳಲ್ಲಿ, ಚಿತ್ರ ತೆಗೆಯುವಾಗ ಜನರ ಮತ್ತು ಅವರ ಆಸ್ತಿಯ ಖಾಸಗಿತನ ಕಾಯಬೇಕು ಎಂಬ ಮಾತೊಂದು ಇತ್ತು. ಐದು ತಿಂಗಳಲ್ಲಿ ಎಲ್ಲವನ್ನೂ ಸರಳ ಮಾಡಿದರು. 25 ಫಾರ್ಮು ಇದ್ದದ್ದು 5 ಆದವು. 72 ಬಗೆಯ ಶುಲ್ಕ 4ಕ್ಕೆ ಇಳಿಯಿತು. ಆ ಮಾತು ಸೊನ್ನೆಗೆ ಇಳಿಯಿತು.

ಉಳಿದದ್ದು ತೂಕ. ನಮ್ಮ ದೇಶದಲ್ಲಿ ಡ್ರೋನ್ ಎಷ್ಟು ಅಪಾಯದ್ದು ಎಂಬುದನ್ನು ತಕ್ಕಡಿ ಹೇಳುತ್ತದೆ. 250 ಗ್ರಾಂ ಒಳಗಿದ್ದರೆ ಅದು ನ್ಯಾನೊ, ಹಾರಿಸಲು ಸರ್ಟಿಫಿಕೇಟೇ ಬೇಡ. ದುಡ್ಡಿಗಾಗಿ ಹಾರಿಸಿದರೂ ಬೇಡ. ಎರಡು ಕಿಲೋ ತನಕ ಮೈಕ್ರೊ, ಶೋಕಿಗೆ ಹಾರಿಸಿದರೆ ಬೇಡ. ಅದರ ಮೇಲೆ 25 ಕಿಲೋ ತನಕ ಸ್ಮಾಲ್, ಪೂರ್ತಿ ತರಬೇತಿ ಬೇಕು. ತೊಗರಿಗೆ ಔಷಧ ಹೊಡೆಯುವ ಡ್ರೋನ್ ಬರುವುದು ಇಲ್ಲಿ. ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಸ್ವಸಹಾಯ ಸಂಘದ ಹೆಣ್ಣುಮಗಳು 15 ದಿನ ತರಬೇತಿಗೆ ಹೋಗುತ್ತಾಳೆ. ಸರ್ಕಾರ ಡ್ರೋನ್ ಬೆಲೆಯ ನೂರಕ್ಕೆ 80 ಪಾಲು, 8 ಲಕ್ಷದ ತನಕ, ಕೊಡುತ್ತದೆ. ಆಕೆ ಬಿಸಿಲಿನಲ್ಲಿ ಬ್ಯಾಟರಿ ಹೊತ್ತು, ಹತ್ತು ಲೀಟರಿನ ಟ್ಯಾಂಕ್ ತುಂಬಿ, ಸಾಲು ಹಿಡಿದು ಹಾರಿಸುತ್ತಾಳೆ. ಆ ಡ್ರೋನ್‌ಗೆ ತನ್ನ ಜೀವಮಾನದಲ್ಲಿ ಕಾಣುವುದು ಇಷ್ಟೇ: ತೊಗರಿ ಗಿಡ, ಬದು, ಹೆಚ್ಚೆಂದರೆ ಒಂದು ಬೇವಿನ ಮರ. ಕಾಯಿಕೊರಕ ಹುಳುವಿಗೆ ಖಾಸಗಿತನ ಇದ್ದಿದ್ದರೆ ಮಾತ್ರ ತೊಂದರೆ.

ಇತ್ತ 249 ಗ್ರಾಂ ತೂಕದ್ದು, ಪ್ಯಾಂಟಿನ ಜೇಬಿನಲ್ಲಿ ಹಿಡಿಯುವಂಥದ್ದು, ಓಣಿಯ ಹತ್ತು ಮನೆಗಳ ಮೇಲೆ ನಿಂತು ನಮ್ಮ ಊಟದ ತಟ್ಟೆಯಲ್ಲಿ ಎಷ್ಟು ಜೋಳದ ರೊಟ್ಟಿ ಇವೆ ಎಂದು ಎಣಿಸುತ್ತದೆ. ಅದನ್ನು ಹಾರಿಸಲು ಯಾವ ಸರ್ಟಿಫಿಕೇಟೂ ಬೇಡ. ಇನ್ನೊಂದು ತಮಾಷೆ ಗೊತ್ತಾ? ಸೇನೆ, ಸಂಶೋಧನೆಯಂಥ ಕೆಲವು ಕೆಲಸ ಬಿಟ್ಟರೆ ವಿದೇಶಿ ಡ್ರೋನ್ ತರಿಸುವುದನ್ನು 2022ರ ಫೆಬ್ರವರಿ 9ರಿಂದ ನಿಷೇಧಿಸಲಾಗಿದೆ. ಆದರೂ ಮದುವೆ ಸೀಸನ್ನಿನಲ್ಲಿ ಕಲಬುರಗಿಯ ಆಕಾಶದಲ್ಲಿ ಹಾರುವ ಚೀನಾದ ಡ್ರೋನ್ ನೋಡಿದರೆ, ಅವು ಅಲ್ಲಿಂದ ಹಾರಿಕೊಂಡೇ ಬಂದಿರಬೇಕು.

ಮದುವೆ ಅಂದ ಕೂಡಲೆ ಕಣ್ಣಾರೆ ಕಂಡದ್ದನ್ನು ಹೇಳಬೇಕು. ಕಲ್ಯಾಣ ಮಂಟಪದ ಹೊರಗೆ ಮೆರವಣಿಗೆ. ಒಳಗೆ ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ. ಡ್ರೋನ್ ತೋರಿಸಿದ್ದು ನೇರವಾಗಿ ಪರದೆ ಮೇಲೆ. ಮದುಮಗ ಕುದುರೆ ಏರಿದ. ಡ್ರೋನ್ ಮೇಲೇರಿತು. ಏರಿದ್ದೇ ತಡ, ಪಕ್ಕದ ಮನೆಯ ಮಾಳಿಗೆ ಪರದೆ ತುಂಬ ಬಂತು. ಶಹಾಬಾದ್ ಕಲ್ಲಿನ ಮೇಲೆ ಹಳೆ ಸೀರೆ ಹಾಸಿ ಹರವಿದ ಶಾವಿಗೆ. ಮುಚ್ಚಳವಿಲ್ಲದ ನೀರಿನ ಟ್ಯಾಂಕ್. ಟ್ಯಾಂಕಿನ ಪಕ್ಕ ಟವೆಲ್ ಸುತ್ತಿಕೊಂಡು ತಲೆಗೆ ಕರಿ ಬಣ್ಣ ಹಚ್ಚಿಕೊಳ್ಳುತ್ತಿದ್ದ ಹಿರಿಯರೊಬ್ಬರು. ಅವರೂ ಇದೇ ಮದುವೆಗೆ ಬರಬೇಕಾದವರು. ಅಕ್ಕಿಕಾಳಿನ ಹೊತ್ತಿಗೆ ಬಂದರು, ತಲೆ ಮಿರಮಿರ ಮಿಂಚುತ್ತಿತ್ತು. ಮುನ್ನೂರು ಮಂದಿ ಒಟ್ಟಿಗೆ ಅವರ ತಲೆಯನ್ನೇ ನೋಡಿದರು. ವಿಷಯ ತಿಳಿದು ಆ ಹಿರಿಯರು ಮದುವೆಯ ಡ್ರೋನ್ ಹಾರಿಸುತ್ತಿದ್ದ ಹುಡುಗನ ಕೊರಳಪಟ್ಟಿ ಹಿಡಿದರು. ಅವನು ಗಾಬರಿಯಾಗಲಿಲ್ಲ.

“ಚಿಂತಿ ಮಾಡಬ್ಯಾಡ್ರಿ ಕಾಕಾ, ಎಡಿಟಿಂಗ್‌ನಾಗ ತೆಗೀತೀನಿ” ಅಂದ.

ಮಂದಿಯ ತಲೆಯೊಳಗಿಂದ ಅದನ್ನು ಯಾವ ಸಾಫ್ಟ್‌ವೇರ್‌ನಿಂದ ತೆಗೆಯುತ್ತಾನೋ!

ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರುವವರಿಗೆ ಈ ಸಂಕಟ ಪೂರ್ತಿ ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಮೇ ತಿಂಗಳು 43, 44 ಡಿಗ್ರಿ. ಕರೆಂಟು ಹೋದರೆ ಒಳಗೆ ಮಲಗಿದವರು ಬೆಳಿಗ್ಗೆಗೆ ಬೆಂದಿರುತ್ತಾರೆ. ಅದಕ್ಕೇ ಸಂಜೆ ಮಾಳಿಗೆಗೆ ನೀರು ಹೊಡೆದು, ಕೌದಿ ಹಾಸಿ, ಮನೆಮಂದಿಯೆಲ್ಲ ಅಲ್ಲೇ. ಊಟ ಅಲ್ಲೇ, ಜಗಳ ಅಲ್ಲೇ, ಸೊಸೆಯ ಬಗ್ಗೆ ಅತ್ತೆ ಪಿಸುಗುಡುವುದೂ ಅಲ್ಲೇ. ನಮ್ಮ ಊರಿನ ಬೆಡ್‌ರೂಮಿಗೆ ಮೇಲ್ಛಾವಣಿ ಇಲ್ಲ. ಪಕ್ಕದ ಮನೆಯವರು ಈ ಮಾಳಿಗೆಯ ಕಡೆ ಮುಖ ತಿರುಗಿಸುವುದಿಲ್ಲ. ಇದು ಯಾವ ಕಾಯ್ದೆಯಲ್ಲೂ ಬರೆದಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಡ್ರೋನ್‌ಗೆ ಈ ಮರ್ಯಾದೆ ಯಾರೂ ಕಲಿಸಿಲ್ಲ.

ನಮ್ಮ ಓಣಿಯ ಆಯಿಯೊಬ್ಬಳು ಸರ್ಟಿಫಿಕೇಟಿನ ಹುಡುಗನನ್ನೇ ಕರೆಸಿ, ಮಾಳಿಗೆ ಮೇಲೆ ಡ್ರೋನ್ ಬರದಂತೆ ಏನು ಮಾಡಬೇಕು ಅಂತ ಕೇಳಿದಳು. ಹುಡುಗ ಮೊಬೈಲ್ ತೆಗೆದು, ಎಲ್ಲಿ ಡ್ರೋನ್ ಹಾರಿಸಬಹುದು ಎಂದು ಹೇಳುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೋರಿಸಿದ. ಕೆಂಪು, ಹಳದಿ, ಹಸಿರು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅಪ್ಪಣೆ ಇಲ್ಲದೆ ಹಾರಿಸುವಂತಿಲ್ಲ. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಕರ ಒಪ್ಪಿಗೆ ಬೇಕು. ಹಸಿರಿನಲ್ಲಿ ಯಾರನ್ನೂ ಕೇಳಬೇಕಿಲ್ಲ, 400 ಅಡಿ ತನಕ ಹೋಗಬಹುದು, ಏರ್‌ಪೋರ್ಟಿನಿಂದ 8ರಿಂದ 12 ಕಿಲೋಮೀಟರ್ ನಡುವೆ ಆದರೆ 200 ಅಡಿ.

“ನಮ್ಮ ಮಾಳಿಗಿಗಿ ಕೆಂಪು ಬಣ್ಣ ಹಚ್ಚಲಿಕ್ಕ ಏನು ಮಾಡಬೇಕಪಾ?”

“ನಿಮ್ಮ ಮಾಳಿಗಿ ಮ್ಯಾಲ ವಿಮಾನ ಇಳಿಸಬೇಕಾಗ್ತದ ಆಯಿ.”

ಹುಡುಗ ಹೇಳಿದ್ದು ಸುಳ್ಳಲ್ಲ. ಬೀದರ್‌ನಲ್ಲಿ ವಾಯುಪಡೆಯ ನಿಲ್ದಾಣ ಇದೆ. ಸೂರ್ಯಕಿರಣ ತಂಡದ ವಿಮಾನಗಳು ಅಲ್ಲಿಂದಲೇ ಹಾರುತ್ತವೆ. ಹಾಗಾಗಿ ಅದರ ಸುತ್ತಮುತ್ತ ಮನೆ ಇರುವವರು ಪುಣ್ಯವಂತರು, ದೇಶದ ರಕ್ಷಣೆಯ ನೆರಳಿನಲ್ಲಿ ಅವರ ಶಾವಿಗೆಗೂ ರಕ್ಷಣೆ ಸಿಕ್ಕಿದೆ. ಕಲಬುರಗಿಯಲ್ಲಿ 2019ರ ನವೆಂಬರ್‌ನಲ್ಲಿ ಏರ್‌ಪೋರ್ಟ್ ಶುರುವಾದಾಗ ನಾವು ಬೆಂಗಳೂರು ಹತ್ತಿರವಾಯಿತು ಅಂತ ಖುಷಿಪಟ್ಟೆವು. ಅದರ ಬೇಲಿಗೆ ತಾಗಿ ಸೈಟು ತೆಗೆದುಕೊಂಡಿದ್ದರೆ ಮಾಳಿಗೆ ಮೇಲೆ ಕಾಲು ಚಾಚಿ ಮಲಗಬಹುದಿತ್ತು ಎಂದು ಆಗ ಯಾರಿಗೆ ಹೊಳೆಯಿತು?

ಇನ್ನೊಂದು ದಾರಿ ಇದೆ. ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಆದೇಶ ಹೊರಡಿಸಿದರೆ ಒಂದು ಜಾಗವನ್ನು 96 ಗಂಟೆಗಳ ತನಕ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ದೊಡ್ಡವರು ಊರಿಗೆ ಬಂದಾಗ ಬಳಕೆಗೆ ಬರುವ ಕಲಮು ಇದು. ಆಯಿ ಇದನ್ನು ಕೇಳಿ ಬಹಳ ಹೊತ್ತು ಲೆಕ್ಕ ಹಾಕಿದಳು. ಬ್ಯಾಸಿಗಿ ಮೂರು ತಿಂಗಳು. ನಾಲ್ಕು ನಾಲ್ಕು ದಿನಕ್ಕೊಬ್ಬ ಮಂತ್ರಿ ನಮ್ಮ ಓಣಿಗೆ ಬಂದು ಹೋಗುವಂತಾದರೆ ಸಾಕು ಅಂದಳು. ಚುನಾವಣೆ ವರ್ಷದಲ್ಲಾದರೆ ಅದೂ ಆಗುವ ಮಾತೇ.

ಕಾಯ್ದೆ ಇಲ್ಲ ಎನ್ನುವಂತಿಲ್ಲ. ಹೆಣ್ಣುಮಕ್ಕಳ ಖಾಸಗಿ ಕ್ಷಣವನ್ನು ಕದ್ದು ನೋಡಿದರೆ, ಚಿತ್ರ ತೆಗೆದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಇದೆ. ದೂರು ಕೊಡಲು ಹೋದರೆ ಮೊದಲ ಪ್ರಶ್ನೆ, ಡ್ರೋನ್ ನಂಬರ್ ಎಷ್ಟು? ಡ್ರೋನ್‌ಗೂ ಗುರುತಿನ ಸಂಖ್ಯೆ ಇರುತ್ತದೆ, ನಿಜ. ಆದರೆ ಅದು ಇರುವುದು ಡ್ರೋನ್ ಮೇಲೆ, ಡ್ರೋನ್ ಇರುವುದು ನಮ್ಮ ಮೇಲೆ. ಓದಬೇಕಾದರೆ ನಮಗೂ ಒಂದು ಡ್ರೋನ್ ಬೇಕು, ಅದಕ್ಕೊಬ್ಬ ಪೈಲಟ್ ಬೇಕು. ಇನ್ನು ಮಾಹಿತಿ ರಕ್ಷಣೆಯ ಕಾಯ್ದೆ. 2023ರಲ್ಲಿ ಪಾಸಾಯಿತು. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕಲಮುಗಳು ಜಾರಿಯಾಗಲು ಅಲ್ಲಿಂದ ಮತ್ತೆ 18 ತಿಂಗಳ ಗಡುವು. ಅದೂ ಮನೆಬಳಕೆಗೆ, ಸ್ವಂತಕ್ಕೆ ತೆಗೆದ ಚಿತ್ರಕ್ಕೆ ಅನ್ವಯಿಸುವುದಿಲ್ಲ. ಸರ್ಕಾರದ ಕೆಲವು ಸಂಸ್ಥೆಗಳಿಗೂ ಅದರಿಂದ ವಿನಾಯಿತಿ ಕೊಡಬಹುದು. ಉಳಿದವರು ಯಾರು ಅಂತ ಹುಡುಕುತ್ತಿದ್ದೇನೆ.

ಹಳ್ಳಿಯ ಕಡೆ ಡ್ರೋನ್ ಹೋದದ್ದು ಒಳ್ಳೆಯ ಕೆಲಸಕ್ಕೇ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಮನೆಗಳ ಸುತ್ತ ಸುಣ್ಣದ ಗೆರೆ ಎಳೆದು, ಮೇಲಿಂದ ಡ್ರೋನ್ ಹಾರಿಸಿ, ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು ಆಸ್ತಿ ಕಾರ್ಡು ಮಾಡುತ್ತಾರೆ. ತಲೆತಲಾಂತರದಿಂದ ಕಾಗದವಿಲ್ಲದ ಮನೆಗೆ ಕಾಗದ ಸಿಗುವುದು ಸಣ್ಣ ಮಾತಲ್ಲ. ಆದರೆ ನಮ್ಮ ಹಳ್ಳಿಯ ಹಳೆಯ ಬಚ್ಚಲುಗಳಿಗೆ ಮೂರು ಗೋಡೆ, ಒಂದು ಗೋಣಿತಟ್ಟಿನ ಪರದೆ, ಮೇಲೆ ಏನೂ ಇಲ್ಲ. ಇಲ್ಲಿಯವರೆಗೆ ಮೇಲಿಂದ ನೋಡುವವನು ದೇವರೊಬ್ಬನೇ ಇದ್ದ. ಅವನು ನೋಡಿದ್ದನ್ನು ಯಾವ ಗ್ರೂಪಿಗೂ ಹಾಕುತ್ತಿರಲಿಲ್ಲ.

ಆಯಿ ಕೊನೆಗೆ ಕಾಯ್ದೆ ಬಿಟ್ಟು ಸಂತೆಗೆ ಹೋದಳು. ದ್ರಾಕ್ಷಿ ತೋಟಕ್ಕೆ ಹಾಕುವ ಹಸಿರು ನೆರಳುಬಲೆ ತಂದು, ನಾಲ್ಕು ಮೂಲೆಗೆ ಬಿದಿರು ನಿಲ್ಲಿಸಿ, ಮಾಳಿಗೆಯ ಅರ್ಧಕ್ಕೆ ಕಟ್ಟಿಸಿದಳು. ಶಾವಿಗೆ ಬಿಸಿಲಿಗೆ, ಮಂದಿ ಬಲೆಯ ಕೆಳಗೆ. ಓಣಿಯವರೆಲ್ಲ ಬಂದು ನೋಡಿ ಭೇಷ್ ಅಂದರು. ಸರ್ಟಿಫಿಕೇಟಿನ ಹುಡುಗ ಮಾತ್ರ ತಲೆ ಕೆರೆದುಕೊಂಡ.

“ಆಯಿ, ಈಗ ಮನಿ ಟ್ಯಾಕ್ಸಿನವರೂ ಡ್ರೋನ್ ಹಾರಸಿ ಅಳೀತಾರಂತ. ಮ್ಯಾಲಿಂದ ನೋಡಿದ್ರ ಇದು ಹೊಸಾ ಖೋಲಿ ಕಟ್ಟಿಸಿದಂಗ ಕಾಣತದ.”

“ಅಯ್ಯ ಶಿವನೇ! ಬಲಿಗೂ ಟ್ಯಾಕ್ಸ್ ಹಾಕ್ತಾರೇನೋ?”

“ಹಾಕಿದ್ರ ತಕರಾರು ಅರ್ಜಿ ಕೊಡಬಹುದು. ಇದು ಖೋಲಿ ಅಲ್ಲ ಅಂತ ತೋರಸ್ಲಿಕ್ಕ ಮ್ಯಾಲಿಂದ, ನಾಕೂ ಕಡಿಂದ ಫೋಟೋ ಬೇಕಾಗ್ತದ. ನಾನೇ ತೆಗೆದು ಕೊಡ್ತೀನಿ ಬಿಡ್ರಿ. ಹೊರಗಿನವರಿಗಿ ಸಾವಿರ ರೂಪಾಯಿ. ನಿಮಗಂತ ಐನೂರು.”