ಹುಕ್ ಹಚ್ಚೋದೊಂದೇ ಬಾಕಿ

ಟೈಲರ್‌ಗಳ ಸುಳ್ಳು ಎಲ್ಲರಿಗೂ ಗೊತ್ತು. "ಆಗಿದೆ ಅಕ್ಕಾ, ಹುಕ್ ಹಚ್ಚೋದೊಂದೇ ಬಾಕಿ." ಹೊನ್ನಾವರದಲ್ಲಿ 14 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಈ ಮಾತು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ.

ಹೋದ ವರ್ಷ ಮದುವೆ ಸೀಸನ್ನಿನಲ್ಲಿ ಗೇರುಸೊಪ್ಪ ಕಡೆಯ ಒಬ್ಬರು ಅಕ್ಕ ಬಸ್ಸು ಹತ್ತಿ ಬಂದರು. ಅವತ್ತು ಕೊಡ್ತೇನೆ ಅಂದಿದ್ದೆ. ಮಷಿನ್‌ನಿಂದ ತಲೆ ಎತ್ತದೆ ಅದೇ ಮಾತು ಹೇಳಿದೆ. ಅವರು ಕೈಚೀಲ ಕೆಳಗಿಟ್ಟು, "ಅಡ್ಡಿಲ್ಲೆ ತಂಗಿ, ಹಂಗೇ ಕೊಡು. ಹುಕ್ ನಾನೇ ಹಚ್ಕಂತೆ" ಅಂದರು.

ಬಟ್ಟೆ ಕತ್ತರಿಯನ್ನೇ ಕಂಡಿರಲಿಲ್ಲ. ಅವರು ತಂದುಕೊಟ್ಟ ಕವರಿನಲ್ಲೇ, ಅಳತೆ ಬ್ಲೌಸಿನ ಜೊತೆ, ಮಡಚಿದ ಹಾಗೇ ಮೂಲೆಯಲ್ಲಿತ್ತು. ಆ ಹೊತ್ತಿಗೆ ಸರಿಯಾಗಿ ಚರ್ಚಿನ ಗಂಟೆ ಬಾರಿಸಿತು ಅಂತ ಬರೆದರೆ ಚೆಂದ ಇರ್ತಿತ್ತು. ಬಾರಿಸಲಿಲ್ಲ. ಗಂಟೆ ಹನ್ನೆರಡಕ್ಕೆ, ಆಗ ಇನ್ನೂ ಹನ್ನೊಂದೂವರೆ. ಆದರೆ ಅವತ್ತು ಸೋಮವಾರ. ಹಿಂದಿನ ದಿನ ಚರ್ಚಿನ ಪೂಜೆಯಲ್ಲಿ ಮೈಕಿನ ಮುಂದೆ ನಿಂತು ಬೈಬಲ್ ವಾಚನ ಓದಿದವಳು ನಾನೇ.

ಪೂಜೆಗೆ ನಾವು ಕೊಂಕಣಿಯಲ್ಲಿ ಮೀಸ್ ಅನ್ನುತ್ತೇವೆ. ಪೋರ್ಚುಗೀಸರ 'ಮಿಸ್ಸಾ'ದಿಂದ ಬಂದ ಪದ. ಅದರ ಬೇರು ಇರುವುದು ಲ್ಯಾಟಿನ್ ಪೂಜೆಯ ಕೊನೆಯ ಮಾತಿನಲ್ಲಿ, 'ಇತೆ, ಮಿಸ್ಸಾ ಎಸ್ತ್'. ಹೋಗಿ, ನಿಮ್ಮನ್ನು ಕಳಿಸಿಯಾಯಿತು ಅಂತ. ಇಡೀ ಪೂಜೆಗೆ ಹೆಸರು ಬಂದದ್ದು ಹೊರಗೆ ಕಳಿಸುವ ಮಾತಿನಿಂದ! ನಾನೋ, ಆ ಮಾತು ಬರುವಷ್ಟರಲ್ಲಿ ಸ್ಕೂಟಿ ಕೀ ಹುಡುಕುತ್ತಾ ಮಧ್ಯಾಹ್ನದ ಕೋಳಿ ಸಾರಿನ ಯೋಚನೆಯಲ್ಲಿರುತ್ತಿದ್ದೆ.

ಸಣ್ಣವರಿದ್ದಾಗ ಮನೆಯಲ್ಲಿ ದಿನಾ ಸಂಜೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ ಇತ್ತು. ಹತ್ತು ಹತ್ತು ಮಣಿಯ ಐದು ಸುತ್ತು ಮುಗಿಯುವಷ್ಟರಲ್ಲಿ ಮೊಣಕಾಲು ಜೋಮು ಹಿಡಿಯುತ್ತಿತ್ತು. ಅಮ್ಮ ನಡುವೆ ಎದ್ದು ಒಲೆಯ ಮೇಲಿನ ಮೀನು ಸಾರು ನೋಡಿ ಬರುತ್ತಿದ್ದಳು, ಮಾತೆ ಮರಿಯಳ 'ನಮೋ ಮರಿಯಾ' ಜಪ ನಿಲ್ಲಿಸದೆ. ಕೊನೆಗೆ ಕೈ ಮುಗಿದು ಹಿರಿಯರ ಹತ್ತಿರ ಒಬ್ಬೊಬ್ಬರ ಹತ್ತಿರವೂ ಬೆಸಾಂವ್, ಅಂದರೆ ಆಶೀರ್ವಾದ ಕೇಳಬೇಕು. ಅವರು "ದೇವ್ ಬರೆಂ ಕರುಂ", ದೇವರು ಒಳ್ಳೇದು ಮಾಡಲಿ, ಅನ್ನಬೇಕು. ಸಂಜೆ ಅಕ್ಕನ ಜುಟ್ಟು ಎಳೆದಿದ್ದರೆ ರಾತ್ರಿ ಅವಳ ಮುಂದೆಯೂ ಕೈ ಮುಗಿದು ನಿಲ್ಲಬೇಕು. ಅದರಷ್ಟು ಕಷ್ಟದ ಪ್ರಾರ್ಥನೆ ನಾನು ಆಮೇಲೆ ಮಾಡಿಲ್ಲ. ಈಗ ವಾಟ್ಸ್ಯಾಪಿನಲ್ಲಿ ದಿನಾ ಬೆಳಿಗ್ಗೆ ವಚನದ ಫೋಟೋ ಬರುತ್ತದೆ. ಸುಮ್ನೆ 'ಆಮೆನ್' ಒತ್ತಿದರಾಯಿತು.

ದಿನವೂ ಬೆಳಿಗ್ಗೆ ಐದಕ್ಕೆ ಎದ್ದು ಒಂದು ತಾಸು ದೇವರಿಗೆ ಇಡಿ ಅಂತ ಉಪದೇಶ ಮಾಡುವವರಿದ್ದಾರೆ. ಆಗುವವರು ಮಾಡಲಿ. ಸೀಸನ್ನಿನಲ್ಲಿ ರಾತ್ರಿ ಹನ್ನೊಂದರವರೆಗೆ ಮಷಿನ್ ತುಳಿಯುವವಳಿಗೆ ಆಗುವುದಿಲ್ಲ. ಬೈಬಲ್ಲಿನ ಸಂತ ಪೌಲರು ಹೆಚ್ಚುಕಡಿಮೆ ನಮ್ಮ ಕಸುಬಿನವರೇ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ ದಂಪತಿ ಜೊತೆ ಡೇರೆ ಮಾಡುತ್ತಿದ್ದರು. ಎಡೆಬಿಡದೆ ಪ್ರಾರ್ಥನೆ ಮಾಡಿರಿ ಅಂತ ಬರೆದವರೂ ಅವರೇ. ಡೇರೆ ಹೊಲಿಯುವವರು ದಿನವಿಡೀ ಮೊಣಕಾಲೂರಿ ಕೂತಿದ್ದರೆ ಹೊಟ್ಟೆಗೆ ಏನು ಮಾಡುತ್ತಿದ್ದರು? ಅವರ ಪ್ರಾರ್ಥನೆ ಸೂಜಿಯ ಜೊತೆಗೇ ಹೋಗಿರಬೇಕು ಅಲ್ವಾ?

ನಾನೂ ಹಾಗೇ ಮಾಡಿಕೊಂಡಿದ್ದೇನೆ. ಬಾಬಿನ್‌ಗೆ ನೂಲು ಸುತ್ತುವಷ್ಟು ಹೊತ್ತು, ಯಾರ ಬಟ್ಟೆ ಮುಂದಿದೆಯೋ ಅವರಿಗಾಗಿ ಒಂದು ನಮೋ ಮರಿಯಾ. ಮಧ್ಯಾಹ್ನ ಹನ್ನೆರಡಕ್ಕೆ, ದಿನಕ್ಕೆ ಮೂರು ಹೊತ್ತು ಹೇಳುವ ತ್ರಿಕಾಲ ಪ್ರಾರ್ಥನೆ. ಉಳಿದ ಬಟ್ಟೆ ಅಂಗೈ ಅಗಲ ಇದ್ದರೂ ಕವರಿನಲ್ಲಿ ವಾಪಸ್. ಇವೆಲ್ಲ ಸುಲಭ. ಕಷ್ಟ ಇರುವುದು ಆ ಸುಳ್ಳಿನಲ್ಲಿ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಿ ಅಂತ ಯೇಸು ಹೇಳಿದ್ದು ಟೈಲರ್‌ಗಳನ್ನು ನೋಡಿಯೇ ಇರಬೇಕು ಅನ್ನಿಸುತ್ತದೆ.

"ಕಾಯಕವೇ ಕೈಲಾಸ ಅಲ್ವಾ, ಮತ್ತೆ ಚರ್ಚಿಗೆ ಯಾಕೆ?" ಅಂತ ತಮ್ಮ ಕೇಳುತ್ತಾನೆ. ಅವನಿಗೆ ಭಾನುವಾರ ಕ್ರಿಕೆಟ್ ಇದೆ. ನನ್ನ ಕಾಯಕದೊಳಗೆ ಏನಿತ್ತು ಅಂತ ಮೇಲೆ ಬರೆದಿದ್ದೇನಲ್ಲ? ವಾರಕ್ಕೊಮ್ಮೆ ಎಲ್ಲರ ಜೊತೆ ನಿಂತು 'ನನ್ನ ಪಾಪವೇ' ಅಂತ ಎದೆ ಬಡಿದುಕೊಳ್ಳದಿದ್ದರೆ ಸೋಮವಾರಕ್ಕೆ ನನಗೆ ನೆನಪೇ ಇರುವುದಿಲ್ಲ.

ಹೋದ ವಾರ ಒಬ್ಬರು ಬಂದು ಕೇಳಿದರು. "ಇನ್ನೂ ಕತ್ತರಿಸೇ ಇಲ್ಲ ಅಕ್ಕಾ, ಗುರುವಾರದ ಮೊದಲು ಆಗುವುದಿಲ್ಲ" ಅಂದೆ. ಅವರ ಮುಖ ಕೆಂಪಾಯಿತು. ಬಟ್ಟೆ ವಾಪಸ್ ತಗೊಂಡು ಎದುರಿನ ಸಾಲಿನ ಅಂಗಡಿಗೆ ಹೋದರು. ಅಲ್ಲಿ ನಾಳೆಯೇ ಕೊಡ್ತೇವೆ ಅಂದರಂತೆ. ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಇನ್ನೂ ಹುಕ್ ಹಚ್ಚೋದು ಬಾಕಿಯಂತೆ.